ಮಾವನ ದನಿ, ಅವನ ಮೌನ

ಕಾಲಿಗೆ ಏನೋ ತಗುಲಿತು. ಬೆಚ್ಚಗಿತ್ತು... ಅಲುಗಾಡುತ್ತಲೂ ಇತ್ತು!

ಕಿವಿಗೆ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಒಂದು ಕೆಮ್ಮು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹುಡುಕುತ್ತಿದ್ದ ಅವಳು ಹಿಂದೆಮುಂದೆ ನೋಡಲಿಲ್ಲ. ಹಿಮ್ಮಡಿ ಎತ್ತಿ ಬಲವಾಗಿ ಊರಿದಳು.

"ಅಯ್ಯೋ! ಬೆರಳು! ಬೆರಳೂ...!"

ಕೂಗು ಹೆಡ್‌ಫೋನನ್ನೂ ದಾಟಿ ಬಂತು. ಬಗ್ಗಿ ನೋಡಿದರೆ ಮೇಜಿನ ಕೆಳಗೆ ಒಬ್ಬ ಗಂಡಸು! ತಲೆಗೂದಲ ತುಂಬ ದೂಳು, ಒಂದು ಕೈಯಲ್ಲಿ ತಂತಿಗಳ ಗಂಟು. ಇನ್ನೊಂದು ಕೈ ಅವಳ ಚಪ್ಪಲಿಯ ಕೆಳಗೆ.

"ಯಾರ್ರೀ ನೀವು? ನನ್ನ ಮೇಜಿನ ಕೆಳಗೆ ಏನ್ ಮಾಡ್ತಿದ್ದೀರಿ?"

"ಮೊದಲು ಕಾಲು ತೆಗೀರಿ. ಪರಿಚಯ ಆಮೇಲೆ ಮಾಡ್ಕೊಳೋಣ!"

ಅವಳು ಕಾಲು ತೆಗೆದಳು. ಅವನು ಕೈ ಎಳೆದುಕೊಂಡ. ಎಳೆದ ರಭಸಕ್ಕೆ ಇನ್ನೊಂದು ಕೈಯಲ್ಲಿದ್ದ ಗಂಟೂ ಎಳೆಯಿತು. ಮೇಲೆ, ಅವಳ ಕಂಪ್ಯೂಟರ್ ಒಮ್ಮೆ ನಿಟ್ಟುಸಿರು ಬಿಟ್ಟು ಕಪ್ಪಾಯಿತು.

ಅವಳು ಪರದೆಯ ತಲೆಗೆ ಎರಡು ಸಲ ತಟ್ಟಿದಳು.

"ಸೇವ್ ಮಾಡಿದ್ರಿ... ಅಲ್ವಾ?" ಅವನು ಕೆಳಗಿನಿಂದ ಮೆಲ್ಲಗೆ ಕೇಳಿದ.

"ಬೆಳಗ್ಗೆಯಿಂದ ಕತ್ತರಿಸಿದ ನಲವತ್ತೆರಡು ಕೆಮ್ಮು! ನಲವತ್ತೆರಡು! ಎಲ್ಲ ವಾಪಸ್ ಬಂದು ಕೂತಿರುತ್ತೆ ಈಗ!"

ಪಕ್ಕದ ಕೋಣೆಯಿಂದ ನಗು ಕೇಳಿತು. ಯಜಮಾನಿ ಬಾಗಿಲ ಚೌಕಟ್ಟು ಮುಟ್ಟಿಕೊಂಡು ಒಳಗೆ ಬಂದರು.

ಇದು ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ದನಿಗೆ ಇಳಿಸುವ ಪುಟ್ಟ ಸಂಸ್ಥೆ. ಮೂರು ಕೋಣೆ, ಒಂದು ಓಣಿ. ಮೊದಲನೆಯದು ಗೋಡೆಗೆಲ್ಲ ಸ್ಪಂಜು ಅಂಟಿಸಿದ ರೆಕಾರ್ಡಿಂಗ್ ಕೋಣೆ. ಎರಡನೆಯದರಲ್ಲಿ ಅವಳು ಕೂತು ಕೆಮ್ಮು, ಉಸಿರು, ಪುಟ ತಿರುವಿದ ಸದ್ದು ಎಲ್ಲವನ್ನೂ ಕತ್ತರಿಸುತ್ತಾಳೆ. ಅದಕ್ಕೇ ಅವಳಿಗೆ ಇಲ್ಲಿ 'ಕತ್ತರಿ' ಅಂತಲೇ ಹೆಸರು. ಮೂರನೆಯದು ಯಜಮಾನಿಯದು. ಅವರಿಗೂ ಕಣ್ಣಿಲ್ಲ, ಆದರೆ ಓಣಿಯಲ್ಲಿ ನಡೆದು ಬರುವ ಚಪ್ಪಲಿಯಲ್ಲೇ ಮನುಷ್ಯನ ಮೂಡು ಹೇಳಬಲ್ಲರು.

"ಕತ್ತರಿ, ಇವರು ನಮ್ಮ ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೋಕೆ ಬಂದಿರೋರು. ನೀನು ದಿನಾ ಡಿಸ್ಕ್ ಎತ್ಕೊಂಡು ಈ ಕೋಣೆಯಿಂದ ಆ ಕೋಣೆಗೆ ಅಂಚೆಯವಳ ಹಾಗೆ ತಿರುಗೋದು ಸಾಕು. ಇಂಟರ್‌ನೆಟ್ಟಲ್ಲಿ ಫೈಲು ಇಟ್ಟು ಎಲ್ಲರಿಗೂ ತಲುಪಿಸೋ ಸೇವೆಗಳಿವೆಯಂತೆ. ನಮಗೆ ಯಾವುದು ಹೊಂದುತ್ತೆ ಅಂತ ಇವರು ಪರೀಕ್ಷೆ ಮಾಡಿ ಹೇಳ್ತಾರೆ."

"ಪರೀಕ್ಷೆ ಶುರು ಮಾಡಿದ್ರು ಅಕ್ಕ. ನನ್ನ ತಾಳ್ಮೆಯಿಂದ."

ಅವನು ಊದಿದ ಬೆರಳನ್ನು ಬಾಯಿಂದ ಊದಿಕೊಳ್ಳುತ್ತ ನಕ್ಕ. 'ನಗೋದಕ್ಕೆ ನಾಚಿಕೆ ಬೇಡವಾ...' ಎಂದುಕೊಂಡಳು ಅವಳು. ಆದರೆ ಆ ನಗು ಕೆಟ್ಟದಾಗಿರಲಿಲ್ಲ ಅನ್ನುವುದೂ ಅವಳಿಗೆ ಕಂಡಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು!

ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಆ ನಲವತ್ತೆರಡು ಕೆಮ್ಮು ಯಾರದೋ ಕೆಮ್ಮಲ್ಲ. ಅವಳ ಸೋದರಮಾವನದು.

ಅಪ್ಪ ಅಮ್ಮ ಹೋದಮೇಲೆ ಅವಳನ್ನು ಸಾಕಿದವರು ಮಾವ. ಈ ಸಂಸ್ಥೆಗೆ ಪುಸ್ತಕ ಓದಿಕೊಡುವವರಲ್ಲಿ ಅತ್ಯಂತ ಹಳಬರೂ ಅವರೇ. ದೀಪಸ್ತಂಭ ಕಾಯುವ ಮುದುಕನೊಬ್ಬನ ದೊಡ್ಡ ಕಾದಂಬರಿಯನ್ನು ಅವರು ಇಪ್ಪತ್ತಾರು ಅಧ್ಯಾಯ ಪೂರ್ತಿ ಓದಿ ಮುಗಿಸಿದ ತಿಂಗಳಿಗೇ ಗಂಟಲಿನಲ್ಲಿ ಗಡ್ಡೆ ಸಿಕ್ಕಿತು. ಶಸ್ತ್ರಚಿಕಿತ್ಸೆ ಜೀವ ಉಳಿಸಿತು, ದನಿಯನ್ನು ಕೊಂಡೊಯ್ಯಿತು. ಈಗ ಅವರ ಬಾಯಿಂದ ಬರುವುದು ಬಾಗಿಲ ಸಂದಿಯ ಗಾಳಿಯಂಥ ಒಂದು ಸದ್ದು. ಮಿಕ್ಕಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಾರೆ.

ಮಾವನ ದನಿ ಲೋಕದಲ್ಲಿ ಉಳಿದಿದ್ದರೆ ಆ ಇಪ್ಪತ್ತಾರು ಫೈಲುಗಳಲ್ಲಿ ಮಾತ್ರ.

---

ಅವನು ಐದು ಸೇವೆಗಳನ್ನು ಹಿಡಿದುಕೊಂಡು ಬಂದಿದ್ದ. ಅವುಗಳ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲವಾಗಿ ಯಜಮಾನಿ ಎರಡೇ ದಿನದಲ್ಲಿ ಎಲ್ಲಕ್ಕೂ ಅಡ್ಡಹೆಸರು ಇಟ್ಟುಬಿಟ್ಟರು.

ಸ್ವಲ್ಪವೇ ಜಾಗ ಕೊಡುವುದು 'ಜಿಪುಣ'. ಐದು ನಿಮಿಷಕ್ಕೊಮ್ಮೆ ಏನಾದರೂ ಸೂಚನೆ ಹೇಳುತ್ತಲೇ ಇರುವುದು 'ಬಾಯಿಬಡುಕ'. ಅಳಿಸು ಅಂದರೆ 'ನಿಜವಾಗಿಯೂ? ಎಲ್ಲರ ಕಂಪ್ಯೂಟರಿಂದಲೂ ಹೋಗುತ್ತದೆ, ಯೋಚಿಸಿದ್ದೀರಾ?' ಎಂದು ಮೂರು ಸಲ ಕೇಳುವುದು 'ಪುಕ್ಕಲ'. ನೋಡಲು ಚಂದ, ಓಟದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು 'ಸುಂದರಿ'. ಐದನೆಯದು 'ಮೂಕ'.

"ಮೂಕ ಯಾಕೆ?" ಕತ್ತರಿ ಕೇಳಿದ್ದಳು.

"ಅಕ್ಕಾವ್ರ ಕಂಪ್ಯೂಟರ್ ಪರದೆ ಮೇಲಿರೋದನ್ನ ಓದಿ ಹೇಳುತ್ತಲ್ಲ, ಇದರ ಗುಂಡಿಗಳನ್ನ ಅದಕ್ಕೆ ಓದೋಕೇ ಆಗ್ತಿಲ್ಲ. ಬರೀ 'ಗುಂಡಿ, ಗುಂಡಿ, ಗುಂಡಿ' ಅನ್ನುತ್ತೆ. ಅಕ್ಕಾವ್ರಿಗೆ ಬಳಸೋಕೆ ಆಗದೇ ಇರೋದು ಈ ಆಫೀಸಿಗೆ ಯಾಕೆ?"

'ಇವನಿಗೆ ಇದೆಲ್ಲ ಹೇಗೆ ಗೊತ್ತಾಯ್ತು?' ಎಂದುಕೊಂಡಳು ಅವಳು.

ಮರುದಿನ ಗೊತ್ತಾಯಿತು. ಮಧ್ಯಾಹ್ನ ಓಣಿಯಲ್ಲಿ ಹಾದುಹೋಗುವಾಗ ಅವನ ಮೇಜಿನ ಕಡೆ ನೋಡಿದಳು. ಪರದೆ ಆರಿಸಿತ್ತು. ಅವನು ಕಣ್ಣು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೀಲಿಗಳನ್ನು ತಡವುತ್ತ ಕೂತಿದ್ದ. ಹಣೆಯ ಮೇಲೆ ಬೆವರು. ಒಂದು ಫೋಲ್ಡರು ತೆರೆದು, ಒಂದು ಫೈಲನ್ನು ಇನ್ನೊಬ್ಬರಿಗೆ ಕಳಿಸುವಷ್ಟರಲ್ಲಿ ಹತ್ತು ನಿಮಿಷ ಹಿಡಿಯಿತು. ಆದರೂ ಕಣ್ಣು ತೆರೆಯಲಿಲ್ಲ. ಒಂದೇ ಒಂದು ಸಲವೂ ಕದ್ದು ನೋಡಲಿಲ್ಲ!

ಅವಳು ಅಲ್ಲೇ ನಿಂತುಬಿಟ್ಟಳು. ಹಿಡಿದಿದ್ದ ಚಹಾ ತಣ್ಣಗಾಗುವವರೆಗೂ.

ಆಮೇಲಿನ ದಿನಗಳಲ್ಲಿ ಅವನಿಗೆ ಅವಳ ಕೋಣೆಯಲ್ಲಿ ಕೆಲಸ ಜಾಸ್ತಿಯಾಯಿತು. ಅವಳಿಗೂ ಅವನನ್ನು ಕೇಳುವ ಸಂದೇಹಗಳು ಜಾಸ್ತಿಯಾದವು.

"ಒಂದೇ ಫೈಲನ್ನ ನಾನೂ ಅಕ್ಕನೂ ಒಟ್ಟಿಗೇ ತಿದ್ದಿದ್ರೆ?"

"ಎರಡು ಪ್ರತಿ ಇಡುತ್ತೆ. ಜಗಳ ಬಿಡಿಸೋ ಕೆಲಸ ನಿಮ್ಮದು."

"ಜಗಳ ಆಡೋಕೆ ನಾನು ರೆಡಿ. ಬಿಡಿಸೋರು ಯಾರೂಂತ ಕೇಳಿದ್ದು."

"ಅದಕ್ಕೆ ನಾನಿದ್ದೀನಲ್ಲ..." ಎಂದುಬಿಟ್ಟು, ಕಿವಿ ಕೆಂಪು ಮಾಡಿಕೊಂಡು, ಅವನು ತಂತಿ ಹುಡುಕುವವನ ಹಾಗೆ ಬಗ್ಗಿದ.

ಯಜಮಾನಿಗೆ ಇದೆಲ್ಲ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಕತ್ತರಿ, ಆ ಹುಡುಗ ಮಾತಾಡೋಕೆ ಶುರು ಮಾಡಿದ್ರೆ ನಿನ್ನ ಮೌಸಿನ ಸದ್ದು ನಿಂತುಹೋಗುತ್ತೆ, ಯಾಕೆ?"

"ಮೌಸ್ ಹಾಳಾಗಿದೆ ಅಕ್ಕ."

"ಹೂಂ. ಅವನು ಹೊರಟ ತಕ್ಷಣ ರಿಪೇರಿ ಆಗುತ್ತೆ ಪಾಪ!"

ಎರಡು ವಾರ ಸುಂದರಿಯನ್ನು ಪರೀಕ್ಷೆಗೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಅವನು ಎರಡು ಮಾತು ಹೇಳಿದ. ಹಳೆಯ ಡಿಸ್ಕನ್ನು ಒಂದು ತಿಂಗಳು ಹಾಗೇ ಇಟ್ಟಿರಿ. ಮಾವನಿಗೆ ಕೇಳಿಸಬೇಕಿದ್ದರೆ ಒಂದು ಲಿಂಕ್ ಕಳಿಸಿ, ಸಾಕು, ಅದರಲ್ಲಿ ಕೇಳಬಹುದು ಅಷ್ಟೇ, ಅಳಿಸಲು ಬರುವುದಿಲ್ಲ.

ಕತ್ತರಿ ತಲೆಯಾಡಿಸಿದಳು. ಆದರೆ ಅವಳು ನಂಬದಿದ್ದರೆ ಚೂರೂ ನಂಬದ, ನಂಬಿದರೆ ಪೂರ್ತಿ ನಂಬಿಬಿಡುವ ಜಾತಿ. ಮಾವನ ಇಪ್ಪತ್ತಾರು ಅಧ್ಯಾಯಗಳು ಸುಂದರಿಯ ಫೋಲ್ಡರಿನಲ್ಲಿ ಸಾಲಾಗಿ, ತಲುಪಿದೆ ಎನ್ನುವ ಹಸಿರು ಗುರುತು ಹೊತ್ತು ನಿಂತದ್ದನ್ನು ಕಂಡಾಗ ಅವಳ ಎದೆ ಹಗುರವಾಯಿತು. ಹೊಸ ಮಕ್ಕಳ ಪುಸ್ತಕಕ್ಕೆ ಜಾಗ ಬೇಕಿತ್ತು. ಹಳೆಯ ಡಿಸ್ಕನ್ನು ಒರೆಸಿಬಿಟ್ಟಳು.

ಆ ಸಂಜೆ ಮನೆಗೆ ಹೋದವಳೇ ಮಾವನ ಹಳೆಯ ಕಂಪ್ಯೂಟರಿನಲ್ಲಿ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡು ಹಾಕಿದಳು.

"ಮಾವ, ನೋಡಿ! ನಿಮ್ಮ ಫೋಲ್ಡರು ಇಲ್ಲಿಗೇ ಬರುತ್ತೆ. ಬೇಕಾದಾಗ ಕೇಳಬಹುದು."

ಮಾವ ಪೆನ್ಸಿಲು ಎತ್ತಿಕೊಂಡು ಬರೆದರು: 'ನನ್ನ ಓದು ನಾನೇ ಕೇಳಬೇಕಾ? ಅಷ್ಟು ಪಾಪ ಏನು ಮಾಡಿದ್ದೇನೆ?'

ಅವಳು ನಕ್ಕುನಕ್ಕು ಸುಸ್ತಾದಳು.

---

ಮುಂದಿನ ವಾರವೆಲ್ಲ ಮಕ್ಕಳ ಪುಸ್ತಕದಲ್ಲೇ ಕಳೆಯಿತು. ಬುಧವಾರ ಮಧ್ಯಾಹ್ನ ಅದು ಮುಗಿಯಿತು. 'ಇನ್ನು ಮಾವನ ಒಂಬತ್ತನೇ ಅಧ್ಯಾಯ' ಎನ್ನುತ್ತ ಫೋಲ್ಡರು ತೆರೆದಳು.

ಖಾಲಿ.

ಮುಚ್ಚಿ ಮತ್ತೆ ತೆರೆದಳು. ಖಾಲಿ! ಯಜಮಾನಿಯ ಕೋಣೆಗೆ ಓಡಿದಳು. ಅಲ್ಲೂ ಖಾಲಿ. ಒಂದಲ್ಲ, ಎರಡಲ್ಲ... ಇಪ್ಪತ್ತಾರಕ್ಕೆ ಇಪ್ಪತ್ತಾರೂ ಇಲ್ಲ!

'ಮಾವನ ದನಿ... ಮಾವನ ದನಿ ಹೋಯ್ತಾ?'

"ರೀ! ಬನ್ನಿ ಇಲ್ಲಿ! ಬೇಗ ಬನ್ನಿ!"

ಅವನು ಓಡಿ ಬಂದ. ಅವಳ ಕುರ್ಚಿಯಲ್ಲಿ ಕೂತು ಒಂದೊಂದೇ ಪುಟ ತೆರೆದ. ಅವಳು ಹಿಂದೆ ನಿಂತು ಅವನ ಭುಜದ ಮೇಲಿಂದ ನೋಡುತ್ತಿದ್ದಳು. ಯಾವುದೋ ಒಂದು ಪಟ್ಟಿ ತೆರೆಯಿತು. ಅವನ ಬೆರಳು ನಿಂತಿತು. ಅವಳು ಓದುವಷ್ಟರಲ್ಲಿ ಫಕ್ಕನೆ ಅದನ್ನು ಮುಚ್ಚಿಬಿಟ್ಟ.

"ಏನದು? ಯಾಕೆ ಮುಚ್ಚಿದ್ರಿ?"

"ಏನಿಲ್ಲ."

"ಏನಿಲ್ಲ ಅಂದ್ರೆ? ನೋಡಿದೆ ನಾನು! ಏನೋ ಮುಚ್ಚಿಡ್ತಿದ್ದೀರಿ!"

ಅವನು ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ತಪ್ಪು ನನ್ನದು. ನಾನು... ಸರಿಯಾಗಿ ಜೋಡಿಸಲಿಲ್ಲ. ಅಳಿಸಿಹೋಗಿವೆ."

"ಅಳಿಸಿಹೋಗಿವೆ...?" ಅವಳ ದನಿ ಒಡೆಯಿತು. "ಎಷ್ಟು ಸಲೀಸಾಗಿ ಹೇಳ್ತೀರಿ! ಅದು ಫೈಲ್ ಅಲ್ಲ ಕಣ್ರೀ, ನನ್ನ ಮಾವ! ಇನ್ನೊಂದು ಸಲ ಓದಿ ಅಂತ ಹೇಳೋಕೆ ಅವರಿಗೆ ಗಂಟಲೇ ಇಲ್ಲ! ನಿಮ್ಮನ್ನ ನಂಬಿ ಡಿಸ್ಕ್ ಒರೆಸಿಬಿಟ್ಟೆ ನಾನು... ನಂಬಿ!"

"ಸಿಗುತ್ತೆ. ಅಳಿಸಿದ್ದನ್ನ ಸುಂದರಿ ಏಳು ದಿನ ಇಟ್ಟುಕೊಂಡಿರುತ್ತೆ. ಇವತ್ತು ಆರನೇ ದಿನ. ನನಗೆ ಈ ಕುರ್ಚಿ ಕೊಟ್ರೆ..."

"ಎದ್ದೇಳಿ. ನನ್ನ ಕಂಪ್ಯೂಟರ್ ಮುಟ್ಟಬೇಡಿ! ಅಕ್ಕ, ಇವರು ಈ ಕೋಣೆಯಲ್ಲಿ ಇರೋದಾದ್ರೆ ನಾನಿರಲ್ಲ!"

ಯಜಮಾನಿ ಬಾಗಿಲಲ್ಲಿ ನಿಂತಿದ್ದರು.

ಅವನು ಎದ್ದ. ಒಂದೇ ಒಂದು ಮಾತೂ ಎದುರಾಡಲಿಲ್ಲ. ಯಜಮಾನಿಯ ಲ್ಯಾಪ್‌ಟಾಪ್ ಕೇಳಿ ಪಡೆದು, ಓಣಿಯಲ್ಲಿದ್ದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತ.

ಅವಳು ಬಾಗಿಲು ಹಾಕಿಕೊಂಡು ತೋಳಲ್ಲಿ ಮುಖ ಹುದುಗಿಸಿದಳು. ಓಣಿಯಿಂದ ಕೀಲಿಗಳ ಸದ್ದು ಬರುತ್ತಿತ್ತು. ದೊಡ್ಡ ಫೈಲುಗಳು, ಬಡ ಇಂಟರ್‌ನೆಟ್. ಒಂದು ಗಂಟೆಯಾಯಿತು. ಎರಡಾಯಿತು. ಕಿಟಕಿಯ ಬಿಸಿಲು ಮೇಜಿನಿಂದ ಗೋಡೆಗೆ ಹತ್ತಿತು.

ಟಿಣ್ ಎಂದಿತು ಅವಳ ಕಂಪ್ಯೂಟರು.

ತಲೆ ಎತ್ತಿದಳು. ಖಾಲಿ ಫೋಲ್ಡರಿನಲ್ಲಿ ಒಂದು ಸಾಲು: ಅಧ್ಯಾಯ ಒಂದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೊಂದು. ಅವಳು ಎಣಿಸತೊಡಗಿದಳು... ಹನ್ನೊಂದು... ಹತ್ತೊಂಬತ್ತು... ಇಪ್ಪತ್ತನಾಲ್ಕು... ಇಪ್ಪತ್ತೈದು...

ಇಪ್ಪತ್ತೈದಕ್ಕೆ ನಿಂತಿತು. ಹತ್ತು ನಿಮಿಷ ಏನೂ ಬರಲಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡೇ ಕೂತಳು.

ಟಿಣ್.

ಇಪ್ಪತ್ತಾರು!

ಹೆಡ್‌ಫೋನ್ ಏರಿಸಿ, ಇನ್ನೂ ಕತ್ತರಿಸದ ಒಂಬತ್ತನೆಯದನ್ನು ಒತ್ತಿದಳು. ಒಂದು ಕೆಮ್ಮು. ಕುರ್ಚಿ ಕಿರುಗುಟ್ಟಿದ ಸದ್ದು. ಆಮೇಲೆ ಆ ತುಂಬಿದ, ಬೆಚ್ಚಗಿನ, ಹಳೆಯ ದನಿ: "ಹೂಂ... ಶುರು ಮಾಡೋಣ್ವಾ?"

ಅವಳು ಅತ್ತಳು. ಬಿಕ್ಕಿಬಿಕ್ಕಿ, ನಗುತ್ತ, ಮೂಗು ಒರೆಸಿಕೊಳ್ಳುತ್ತ ಅತ್ತಳು. ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಿತ್ತು.

ಓಣಿಯಲ್ಲಿ ಅವನು ಯಜಮಾನಿಗೆ ಹೇಳಿದ್ದು ಕೇಳಿಸಿತು. "ಎಲ್ಲ ಬಂತು ಅಕ್ಕಾವ್ರೇ. ಎರಡು ಬೇರೆ ಡಿಸ್ಕಿಗೂ ಹಾಕಿದ್ದೀನಿ. ನನ್ನ ವರದಿ ನಾಡಿದ್ದು ಕಳಿಸ್ತೀನಿ... ಇನ್ನು ನಾನು ಬರೋ ಅಗತ್ಯ ಇರಲ್ಲ."

ಹೆಜ್ಜೆ ಸದ್ದು ದೂರವಾಯಿತು. ಅವಳು ಎದ್ದು ಹೋಗಲಿಲ್ಲ. 'ತಪ್ಪು ಮಾಡಿದ್ದು ಅವನು. ಸರಿ ಮಾಡಿದ್ದೂ ಅವನು. ಲೆಕ್ಕ ಸರಿಹೋಯ್ತು' ಎಂದುಕೊಂಡಳು.

ಸರಿಹೋಗಿರಲಿಲ್ಲ. ಎದೆಗೆ ಗೊತ್ತಿತ್ತು.

---

ವರದಿ ಬಂತು. ಯಜಮಾನಿಯ ಕಂಪ್ಯೂಟರು ಅದನ್ನು ತನ್ನ ಸಪ್ಪೆ ದನಿಯಲ್ಲಿ ಓದಿತು.

ಯಾವುದರಲ್ಲಿ ಎಷ್ಟು ಜಾಗ, ಯಾವುದು ಫೈಲಿನಲ್ಲಿ ಬದಲಾದ ಭಾಗವನ್ನು ಮಾತ್ರ ಕಳಿಸುತ್ತದೆ, ಯಾವುದು ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಯಾವುದರ ಗುಂಡಿಗಳು ಮಾತಾಡುತ್ತವೆ. ಎಲ್ಲ ಇತ್ತು. ಕೊನೆಗೆ ಹೀಗಿತ್ತು: 'ಸುಂದರಿ ಬೇಡ. ಅಳಿಸುವಾಗ ಎಚ್ಚರಿಸುವುದಿಲ್ಲ, ಅಳಿಸಿದ್ದನ್ನು ಏಳೇ ದಿನ ಇಡುತ್ತದೆ. ಪುಕ್ಕಲ ಆರು ತಿಂಗಳು ಇಡುತ್ತದೆ. ಆದರೆ ದಿನವಿಡೀ ಬಳಸುವವರು ಸಂಕಲನ ಮಾಡುವವರು. ಆಯ್ಕೆ ಅವರದೇ ಆಗಲಿ.'

"ಕೇಳಿಸ್ಕೊಂಡ್ಯಾ?" ಯಜಮಾನಿ ಕೇಳಿದರು. "ಬೈದವಳ ಕೈಗೇ ತೀರ್ಮಾನ ಕೊಟ್ಟು ಹೋಗಿದ್ದಾನೆ. ಇಂಥ ಗಂಡಸರು ಅಂಗಡೀಲಿ ಸಿಗಲ್ಲ."

"ತಪ್ಪು ಮಾಡಿದಾರೆ ಅಕ್ಕ. ಅವರೇ ಒಪ್ಕೊಂಡ್ರು."

"ಒಪ್ಕೊಂಡ. ಆದ್ರೆ ಸುಳ್ಳು ಹೇಳೋರ ದನಿ ಒಂಚೂರು ಮೇಲೆ ಹೋಗುತ್ತೆ, ಕತ್ತರಿ. ಅವತ್ತು ಅವನದು ಹೋಗಿತ್ತು."

ಅವಳು ತನ್ನ ಮೇಜಿಗೆ ಬಂದಳು. ಆಯ್ಕೆ ಮಾಡಬೇಕೆಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಲ್ಲ. ಪುಕ್ಕಲನಲ್ಲಿ 'ಯಾರು ಏನು ಮಾಡಿದರು' ಎಂಬ ಪಟ್ಟಿ ಸಿಕ್ಕಿತು. ಸುಂದರಿಯಲ್ಲೂ ಅಂಥದೊಂದು ಇರಬೇಕೆಂದು ಹುಡುಕಿದಳು. ಇತ್ತು. ತೆರೆದಳು.

ಅವನು ಮುಚ್ಚಿದ್ದ ಪುಟ!

'ಗುರುವಾರ, ಬೆಳಗ್ಗೆ 11:20. ನೀವು 26 ಫೈಲುಗಳನ್ನು ಅಳಿಸಿದ್ದೀರಿ. ಕಂಪ್ಯೂಟರು: ಮನೆ.'

ನೀವು...?

ನಾನಾ?

ಹೋದ ವಾರದ ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಅವಳು ಇಲ್ಲೇ, ಇದೇ ಕುರ್ಚಿಯಲ್ಲಿ ಇದ್ದಳು. ಮನೆಯಲ್ಲಿ ಇದ್ದವರು ಒಬ್ಬರೇ. ಅವಳ ಹೆಸರಲ್ಲಿ, ಅವಳ ಪಾಸ್‌ವರ್ಡಿನಲ್ಲಿ ತೆರೆದಿಟ್ಟ ಕಂಪ್ಯೂಟರಿನ ಮುಂದೆ.

ಬ್ಯಾಗು ಎತ್ತಿಕೊಂಡು ಮನೆಗೆ ಓಡಿದಳು.

ಮಾವ ಕಿಟಕಿಯ ಪಕ್ಕ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಪೇಪರು ಓದುತ್ತಿದ್ದರು. ಇಷ್ಟು ಬೇಗ ಬಂದವಳನ್ನು ಕಂಡು ಹುಬ್ಬೇರಿಸಿದರು.

"ಮಾವ... ಹೋದ ವಾರ ಈ ಕಂಪ್ಯೂಟರಲ್ಲಿ ಏನಾದ್ರೂ ತೆಗೆದ್ರಾ?"

ಮಾವ ಹೆಮ್ಮೆಯಿಂದ ತಲೆಯಾಡಿಸಿ ಬರೆದರು: 'ಡಿಸ್ಕ್ ತುಂಬಿದೆ ಅಂತ ಬಡಕೊಳ್ಳುತ್ತಿತ್ತು. ನನ್ನ ಓದು ತೆಗೆದುಬಿಟ್ಟೆ. ಹೇಗಿದ್ದರೂ ಇಲ್ಲಿದ್ದದ್ದು ನಕಲು ತಾನೇ? ಅಸಲು ನಿನ್ನ ಹತ್ತಿರ ಇದೆಯಲ್ಲ.'

ಅವಳು ಆ ಸಾಲುಗಳನ್ನು ನೋಡುತ್ತ ನಿಂತಳು. ಡಿಸ್ಕುಗಳ ಕಾಲದ ಮನುಷ್ಯ. ಒಂದು ಡಿಸ್ಕಿನದು ಅಳಿಸಿದರೆ ಇನ್ನೊಂದರಲ್ಲಿ ಇದ್ದೇ ಇರುತ್ತದೆ ಎಂದು ನಂಬಿದ ಮನುಷ್ಯ. ಈ ಹೊಸ ವ್ಯವಸ್ಥೆಯಲ್ಲಿ ಅಸಲು, ನಕಲು ಎರಡೂ ಇಲ್ಲ, ಇಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಸುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ತಾನೇ ಅಲ್ಲವೆ? ಲಿಂಕ್ ಸಾಕು ಎಂದವನ ಮಾತು ಮೀರಿದ್ದೂ ತಾನೇ ಅಲ್ಲವೆ?

ಮಾವ ಅವಳ ಮುಖದಲ್ಲಿ ಏನೋ ಕಂಡವರಂತೆ ಪೆನ್ಸಿಲು ಎತ್ತಿದರು: 'ಯಾಕೆ? ಏನಾಯ್ತು? ತೆಗೀಬಾರದಿತ್ತಾ?'

ಹೇಳಬಹುದಿತ್ತು. ನಿಮ್ಮ ದನಿಯನ್ನು ನಿಮ್ಮ ಕೈಯಾರೆ ನೀವೇ ಅಳಿಸಿದ್ದಿರಿ ಮಾವ, ಒಂದು ದಿನ ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು ಎಂದು... ಆ ಕಣ್ಣುಗಳನ್ನು ನೋಡುತ್ತ?

"ಏನಿಲ್ಲ ಮಾವ," ಎಂದಳು. "ನಾನೇ ಸರಿಯಾಗಿ ಜೋಡಿಸಿರಲಿಲ್ಲ. ತಪ್ಪು ನಂದು."

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ಕಿವಿಗೆ ಬಿತ್ತು. ಇದೇ ಮಾತನ್ನು, ಇದೇ ಕ್ರಮದಲ್ಲಿ, ಒಬ್ಬ ಮನುಷ್ಯ ಮೊನ್ನೆ ನೆಲ ನೋಡುತ್ತ ಹೇಳಿದ್ದ.

'ದೇವರೇ... ನಾನು ಅವನನ್ನ ಹೊರಗೆ ಹಾಕಿದೆ!'

ಯಜಮಾನಿಗೆ ಫೋನು ಮಾಡಿದಳು.

"ಅಕ್ಕ, ಅವರು ಈಗ ಎಲ್ಲಿ ಕೆಲಸ ಮಾಡ್ತಿದ್ದಾರೆ?"

ಆ ಕಡೆಯಿಂದ ನಗು ಕೇಳಿತು. "ಯಾರಮ್ಮ ಅವರು? ಹೆಸರಿಲ್ವಾ?... ಸರಿ ಸರಿ, ಅಳಬೇಡ. ಸೇತುವೆ ಪಕ್ಕದ ಪ್ರಾಣಿ ಡಾಕ್ಟರ ಹತ್ರ."

---

ಪ್ರಾಣಿ ವೈದ್ಯೆಯ ಕಾಯುವ ಕೋಣೆಯಲ್ಲಿ ಬೆಂಚಿನ ತುಂಬ ಜನ. ಒಬ್ಬರ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಸಿಡುಕು ಮೋರೆಯ ಬೆಕ್ಕು. ಪಕ್ಕದಲ್ಲಿ ಕಾಲಿಗೆ ಪಟ್ಟಿ ಸುತ್ತಿದ ನಾಯಿ. ಮೂಲೆಯಲ್ಲಿ ಆಮೆ ಹಿಡಿದ ಅಜ್ಜ.

ಕತ್ತರಿ ಏದುಸಿರು ಬಿಡುತ್ತ ಒಳಗೆ ಬರುವುದಕ್ಕೂ ವೈದ್ಯೆ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

"ಮುಂದಿನವರು! ನಿಮ್ಮದು ನಾಯಿನೋ ಬೆಕ್ಕೋ?"

"ನನ್ನದು... ಕಂಪ್ಯೂಟರಿನವರು."

"ಏನಾಗಿದೆ ಅದಕ್ಕೆ?"

"ಅದಕ್ಕೇನೂ ಆಗಿಲ್ಲ ಡಾಕ್ಟ್ರೇ. ನನಗೇ ಬುದ್ಧಿ ಕೆಟ್ಟಿತ್ತು."

ಬೆಂಚಿನವರೆಲ್ಲ ತಿರುಗಿ ನೋಡಿದರು. ಆಮೆಯೂ ತಲೆ ಹೊರಗೆ ಹಾಕಿತು. ವೈದ್ಯೆ ಅವಳನ್ನು ಮೇಲಿಂದ ಕೆಳಗೆ ನೋಡಿ ಒಳಬಾಗಿಲ ಕಡೆ ಬೆರಳು ತೋರಿಸಿದರು. "ಎಕ್ಸ್‌ರೇ ಕೋಣೆ. ಹೋಗಿ. ಕಚ್ಚಬೇಡಿ."

ಅವನು ಒಂದು ಪುಟ್ಟ ಪರದೆಯ ಮುಂದೆ ಕೂತಿದ್ದ. ಪರದೆಯಲ್ಲಿ ಯಾವುದೋ ನಾಯಿಯ ಬೆನ್ನುಮೂಳೆ. ಅವಳನ್ನು ಕಂಡವನೇ ಎದ್ದುನಿಂತ.

"ಏನಾಯ್ತು? ಮತ್ತೆ ಹೋಯ್ತಾ? ಎಷ್ಟು ಹೋಯ್ತು? ಡಿಸ್ಕಲ್ಲಿ ಇದೆ, ಹೆದರಬೇಡಿ, ನಾನು ಎರಡಕ್ಕೂ..."

"ಯಾವುದೂ ಹೋಗಿಲ್ಲ. ಎಲ್ಲ ಇದೆ." ಅವಳು ಬಾಗಿಲಿಗೆ ಒರಗಿದಳು. "ಗುರುವಾರ ಹನ್ನೊಂದೂ ಇಪ್ಪತ್ತು. ಮನೆ ಕಂಪ್ಯೂಟರು. ನೋಡಿದೆ."

ಅವನ ಮುಖ ಇಳಿಯಿತು.

"ಮಾವನಿಗೆ ಹೇಳಿಬಿಟ್ರಾ?"

ತನಗಾದ ಅನ್ಯಾಯದ ಮಾತಲ್ಲ. ನೋಡಿ, ಮೊದಲು ಕೇಳಿದ್ದೇ ಮಾವನ ಸಂಗತಿ! ಅವಳ ಕಣ್ಣು ತುಂಬಿ ಬಂತು.

"ಇಲ್ಲ. ಹೇಳೋಕೆ ಆಗಲಿಲ್ಲ. ತಪ್ಪು ನಂದೇ ಅಂದೆ... ನೀವು ಅಂದ ಹಾಗೇ."

ಅವನು ದೊಡ್ಡದೊಂದು ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ. "ಅಬ್ಬ! ಮೂರು ದಿನದಿಂದ ಅದೇ ಭಯ ನನಗೆ. ಅವರಿಗೆ ಗೊತ್ತಾದ್ರೆ ಆ ದನಿ ಮತ್ತೆ ಯಾವತ್ತೂ ಕೇಳಲ್ಲ ಅವರು. ನಿಮಗೆ ಗೊತ್ತಾದ್ರೆ ನಿಮಗೆ ಅವರ ಮುಖ ನೋಡೋಕೆ ಕಷ್ಟ. ನನ್ನ ಮುಖ ನೋಡದೇ ಇದ್ರೆ ಏನು... ಪರವಾಗಿಲ್ಲ ಅನ್ಕೊಂಡೆ."

"ಪರವಾಗಿಲ್ಲ ಅನ್ಕೊಂಡ್ರಾ?"

"ಅನ್ಕೊಂಡೆ. ಮನೆಗೆ ಹೋಗೋವರೆಗೂ." ಅವನು ಪರದೆಯ ಬೆನ್ನುಮೂಳೆಯನ್ನೇ ನೋಡುತ್ತ ಹೇಳಿದ. "ಆಮೇಲೆ ತುಂಬಾನೇ ಪರವಾಯ್ತು. ಊಟ ಸೇರಲಿಲ್ಲ. ಇಲ್ಲಿ ಬೆಳಗ್ಗೆಯಿಂದ ಒಂದೇ ನಾಯಿಯ ಎಕ್ಸ್‌ರೇನ ನಾಲ್ಕು ಸಲ ಕಳಿಸಿದ್ದೀನಿ. ಡಾಕ್ಟ್ರು ಬೈದರು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನಾನು ಅಷ್ಟೆಲ್ಲ ಅಂದ್ನಲ್ಲ. ಎಲ್ಲರ ಮುಂದೆ. ಒಂದು ಮಾತಾದ್ರೂ ತಿರುಗಿ ಹೇಳಬಾರದಿತ್ತಾ?"

"ನೀವು 'ಅದು ಫೈಲ್ ಅಲ್ಲ, ನನ್ನ ಮಾವ' ಅಂದ್ರಲ್ಲ... ಅದಾದ ಮೇಲೆ ನನ್ನ ಹತ್ರ ಮಾತು ಇರಲಿಲ್ಲ."

ಹೊರಗೆ ನಾಯಿಯೊಂದು ಬೊಗಳಿತು. ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಅಲ್ಲಿದ್ದ ಇನ್ನೊಂದು ಕುರ್ಚಿಯನ್ನು ಎಳೆದು ಅವನ ಪಕ್ಕ ಕೂತಳು.

"ಪುಕ್ಕಲನನ್ನ ಆರಿಸ್ತಿದ್ದೀನಿ," ಎಂದಳು. "ಮೂರು ಸಲ ಕೇಳಿ ಅಳಿಸುತ್ತಲ್ಲ, ಅದಕ್ಕೆ. ಮೂರು ಸಲ ಕೇಳೋ ಬುದ್ಧಿ ನನಗೂ ಇದ್ದಿದ್ರೆ ನಿಮ್ಮನ್ನ ಹಾಗೆ ಕಳಿಸ್ತಿರಲಿಲ್ಲ. ಕ್ಷಮಿಸ್ತೀರಾ?"

"ಯಾವತ್ತೋ ಆಯ್ತು."

"ಇನ್ನೊಂದು ಮಾತಿದೆ." ಅವಳ ದನಿ ಸಣ್ಣಗಾಯಿತು. "ಮೂರು ದಿನದಿಂದ ಮಾವನ ಅಧ್ಯಾಯ ಕೇಳ್ತಾ ಕೂತಿದ್ದೀನಿ. ಕಳೆದುಕೊಂಡಿದ್ದೆಲ್ಲ ಸಿಕ್ಕಿದೆ. ಖುಷಿಯಾಗಿರಬೇಕಲ್ವಾ ನಾನು? ಆದ್ರೆ ಓಣಿಯಲ್ಲಿ ಚಪ್ಪಲಿ ಸದ್ದಾದ್ರೆ ಸಾಕು, ಹೆಡ್‌ಫೋನ್ ತೆಗೆದು ನೋಡ್ತೀನಿ. ನೀವಲ್ಲ. ಪ್ರತಿ ಸಲವೂ ನೀವಲ್ಲ. ನೀವು ಇಲ್ಲದೆ ನನಗೆ ಆಗಲ್ಲ ಅನ್ಸುತ್ತೆ. ಅಷ್ಟೇ. ಹೇಳಿಬಿಟ್ಟೆ!"

ಅವನು ಮೇಜಿನ ಮೇಲಿದ್ದ ಅವಳ ಕೈಯ ಪಕ್ಕ ತನ್ನ ಕೈ ಇಟ್ಟ. ಅವಳೇ ಅದನ್ನು ಹಿಡಿದುಕೊಂಡಳು.

"ನಾನು ಮೊದಲು ಹೇಳಬೇಕಿತ್ತು," ಎಂದ. "ದಿನಾ ಬೆಳಗ್ಗೆ ಹೇಳಬೇಕು ಅನ್ಕೊಂಡು ಬರ್ತಿದ್ದೆ. ನಿಮ್ಮನ್ನ ನೋಡಿದ ತಕ್ಷಣ ಸೇವೆಗಳ ವಿಷಯ ಮಾತಾಡಿಬಿಡ್ತಿದ್ದೆ."

"ಐದೇ ಸೇವೆಗೆ ಮೂರು ವಾರ ಯಾಕೆ ಹಿಡೀತು ಅಂತ ಈಗ ಗೊತ್ತಾಯ್ತು!"

ಬಾಗಿಲು ಅರ್ಧ ತೆರೆಯಿತು. ವೈದ್ಯೆಯ ತಲೆ ಒಳಬಂತು. ಹಿಡಿದ ಕೈಗಳನ್ನು ನೋಡಿತು. "ಆ ಎಕ್ಸ್‌ರೇ ಐದನೇ ಸಲ ಕಳಿಸಬೇಡಿ, ದಯವಿಟ್ಟು," ಎಂದು ಬಾಗಿಲು ಹಾಕಿಕೊಂಡಿತು.

ಇಬ್ಬರೂ ನಕ್ಕರು. ಮೂರು ದಿನದ ಭಾರವೆಲ್ಲ ಆ ನಗುವಿನಲ್ಲಿ ಇಳಿದುಹೋಯಿತು.

"ಇನ್ನೂ ಎಷ್ಟು ಹೊತ್ತಿದೆ ನಿಮ್ಮ ಕೆಲಸ?"

"ಒಂದು ಗಂಟೆ ಆಗಬಹುದು. ನೀವು ಹೊರಡಿ, ನಾನೇ ಬರ್ತೀನಿ."

"ಬೇಡ. ಇಲ್ಲೇ ಕೂತಿರ್ತೀನಿ."

"ಬೇಜಾರಾಗಲ್ವಾ?"

ಅವಳು ಚಪ್ಪಲಿ ಕಳಚಿ, ಕಾಲು ಮಡಚಿಕೊಂಡು, ಅವನ ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ಆದ್ರೆ ಹೇಳ್ತೀನಿ," ಎಂದಳು. "ನೀವು ಕೆಲಸ ಮಾಡಿ."